ಗರ್ಭಕಂಠದ ಕ್ಯಾನ್ಸರ್‌ಪೂರ್ವ ಸ್ಥಿತಿಯ ಜೈವಿಕ ಸೂಚಕಗಳು

ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ) ಸೋಂಕಿನಿಂದ ಗರ್ಭಕಂಠದ ಜೀವಕೋಶಗಳಲ್ಲಿ ಆಗುವ ಬದಲಾವಣೆಗಳಲ್ಲಿ ಯಾವುದು ತಾನಾಗಿ ವಾಸಿಯಾಗುತ್ತದೆ, ಯಾವುದು ಕ್ಯಾನ್ಸರಿನತ್ತ ಸಾಗುತ್ತದೆ ಎಂಬುದನ್ನು ಅಂದಾಜಿಸಲು ನೆರವಾಗುವ ಅಣುಮಟ್ಟದ ಗುರುತುಗಳು. ಬಯೋಮಾರ್ಕರ್ ಎಂಬ ಹೆಸರೂ ರೂಢಿಯಲ್ಲಿದೆ. ಚಿಕಿತ್ಸೆ ಬೇಕಾದವರಿಗೆ ಅದನ್ನು ತಡಮಾಡದೆ ಕೊಡುವುದು, ಬೇಡದವರನ್ನು ಅನಗತ್ಯ ಶಸ್ತ್ರಕ್ರಿಯೆಯಿಂದ ಉಳಿಸುವುದು ಇವುಗಳ ಉದ್ದೇಶ.

ಸೋಂಕು ಮತ್ತು ಅದರ ಮುನ್ನಡೆ

ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರ ತಂಡ ಗರ್ಭಕಂಠದ ಕ್ಯಾನ್ಸರ್ ಗೆಡ್ಡೆಗಳಲ್ಲಿ 1983ರಲ್ಲಿ ಎಚ್‌ಪಿವಿ 16 ಅನ್ನೂ ಮರುವರ್ಷ ಎಚ್‌ಪಿವಿ 18 ಅನ್ನೂ ಗುರುತಿಸಿತು. ಈ ಶೋಧಕ್ಕಾಗಿ ಅವರಿಗೆ 2008ರ ವೈದ್ಯಕೀಯ ನೊಬೆಲ್ ಪುರಸ್ಕಾರದ ಪಾಲು ಸಂದಿತು. ಈ ಕ್ಯಾನ್ಸರಿನ ಸುಮಾರು 70% ಪ್ರಕರಣಗಳಿಗೆ ಈ ಎರಡು ಬಗೆಗಳೇ ಕಾರಣ.

ಸೋಂಕು ತಗಲಿತೆಂದರೆ ರೋಗ ಬಂದಂತೆಯೇ ಎಂದು ತಿಳಿಯಬೇಕಾಗಿಲ್ಲ. ಬಹುಪಾಲು ಸೋಂಕುಗಳನ್ನು ದೇಹದ ರೋಗನಿರೋಧಕ ಶಕ್ತಿಯೇ ಎರಡು ವರ್ಷಗಳೊಳಗೆ ಅಡಗಿಸುತ್ತದೆ. ವರ್ಷಗಟ್ಟಲೆ ಉಳಿದುಕೊಂಡ ಸೋಂಕು ಮಾತ್ರ ಅಪಾಯಕಾರಿ. ಅದರಿಂದಾಗುವ ಬದಲಾವಣೆಗಳನ್ನು ತೀವ್ರತೆಗೆ ತಕ್ಕಂತೆ ಸಿಐಎನ್ (ಗರ್ಭಕಂಠದ ಹೊರಪದರದ ಕೋಶಗಳ ಅಸಹಜ ಬೆಳವಣಿಗೆ) 1, 2, 3 ಎಂದು ವಿಂಗಡಿಸುತ್ತಾರೆ. ಮೊದಲನೆಯದು ಸಾಮಾನ್ಯವಾಗಿ ತಾನಾಗಿ ಮಾಯವಾಗುತ್ತದೆ. ಮೂರನೆಯದಕ್ಕೆ ಸರಿಯಾದ ಚಿಕಿತ್ಸೆ ಸಿಗದಿದ್ದ ನ್ಯೂಜಿಲೆಂಡಿನ ಮಹಿಳೆಯರಲ್ಲಿ 30 ವರ್ಷಗಳಲ್ಲಿ ಸುಮಾರು 30% ಮಂದಿಗೆ ಕ್ಯಾನ್ಸರ್ ಬಂದದ್ದು ದಾಖಲಾಗಿದೆ. ನಡುವಿನ ಸಿಐಎನ್ 2 ವೈದ್ಯರನ್ನು ಹೆಚ್ಚು ಕಾಡುವಂಥದು. ಚಿಕಿತ್ಸೆಯಿಲ್ಲದೆ ಎರಡು ವರ್ಷ ಕಾದರೆ ಅರ್ಧದಷ್ಟು ಪ್ರಕರಣಗಳು ಹಿಮ್ಮರಳುತ್ತವೆ, ಐದರಲ್ಲಿ ಒಂದಕ್ಕಿಂತ ತುಸು ಕಡಿಮೆ ಮುಂದುವರಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಹಿಮ್ಮರಳುವವೂ ಮುಂದುವರಿಯುವವೂ ಒಂದೇ ಬಗೆಯಾಗಿ ಕಾಣಬಹುದಾದ್ದರಿಂದ ಸೂಚಕಗಳ ಅಗತ್ಯ ಇಲ್ಲಿ ಹೆಚ್ಚು.

ಮುಖ್ಯ ಸೂಚಕಗಳು

*ವೈರಸ್ಸಿನ ಬಗೆ.* ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಸೋಂಕಿನ ಇರುವಿಕೆಯನ್ನಷ್ಟೇ ಅಲ್ಲದೆ ಅದರ ಬಗೆಯನ್ನೂ ತಿಳಿಸಬಲ್ಲದು. 16ನೆಯ ಬಗೆ ಇದ್ದವರಲ್ಲಿ ತೀವ್ರ ಬದಲಾವಣೆಯ ಅಪಾಯ ಎಲ್ಲಕ್ಕಿಂತ ಹೆಚ್ಚು.

*ಇ6, ಇ7 ಸಂದೇಶವಾಹಕ ಆರ್‌ಎನ್‌ಎ.* ಇ6, ಇ7 ಎಂಬುವು ವೈರಸ್ಸಿನ ಕ್ಯಾನ್ಸರ್‌ಕಾರಕ ವಂಶವಾಹಿಗಳು. ಇ6 ಪ್ರೋಟೀನು ಜೀವಕೋಶವನ್ನು ಕಾಯುವ ಪಿ53 ಅನ್ನು ನಾಶಮಾಡಿಸಿದರೆ, ಇ7 ಕೋಶವಿಭಜನೆಯನ್ನು ತಡೆಹಿಡಿಯುವ ಆರ್‌ಬಿ ಪ್ರೋಟೀನನ್ನು ನಿಷ್ಕ್ರಿಯಗೊಳಿಸುತ್ತದೆ. ಇವುಗಳ ಆರ್‌ಎನ್‌ಎ ದೊರೆತರೆ ಆ ವಂಶವಾಹಿಗಳು ಕೆಲಸದಲ್ಲಿ ತೊಡಗಿವೆ ಎಂದರ್ಥ.

*ಪಿ16 ಮತ್ತು ಕಿ-67 ಜೋಡಿ ಬಣ್ಣ.* ಆರ್‌ಬಿ ಕೈಬಿಟ್ಟಾಗ ಜೀವಕೋಶ ವಿಭಜನೆಗೆ ಕಡಿವಾಣ ಹಾಕಲು ಪಿ16 ಪ್ರೋಟೀನನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಆದರೆ ಪಿ16 ತನ್ನ ಕೆಲಸ ಮಾಡುವುದು ಆರ್‌ಬಿ ಮೂಲಕವೇ. ಹಾಗಾಗಿ ಅದು ರಾಶಿಬಿದ್ದರೂ ವಿಭಜನೆ ನಿಲ್ಲುವುದಿಲ್ಲ. ಕಿ-67 ವಿಭಜನೆ ನಡೆಯುತ್ತಿರುವುದರ ಗುರುತು. ಆರೋಗ್ಯವಂತ ಕೋಶವೊಂದರಲ್ಲಿ ಇವೆರಡೂ ಒಟ್ಟಿಗೆ ಇರಬಾರದು. ಒಂದೇ ಕೋಶ ಎರಡೂ ಬಣ್ಣಗಳನ್ನು ಹಿಡಿದರೆ ವೈರಸ್ ಅದರ ನಿಯಂತ್ರಣ ವ್ಯವಸ್ಥೆಯನ್ನು ಕೆಡಿಸಿರುವುದು ಸ್ಪಷ್ಟ. ಎಚ್‌ಪಿವಿ ಇರುವವರಲ್ಲಿ ಮುಂದಿನ ತಪಾಸಣೆ ಯಾರಿಗೆ ಬೇಕೆಂದು ವಿಂಗಡಿಸಲು ಈ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಒಪ್ಪಿಗೆ ನೀಡಿತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದರ ಬಳಕೆಗೆ ಮಾರ್ಗಸೂಚಿ ಹೊರಡಿಸಿತು.

*ಡಿಎನ್‌ಎ ಮೆಥಿಲೀಕರಣ.* ಕ್ಯಾನ್ಸರಿನತ್ತ ಹೊರಟ ಕೋಶಗಳಲ್ಲಿ ಕೆಲವು ವಂಶವಾಹಿಗಳಿಗೆ ಮೀಥೈಲ್ ಗುಂಪುಗಳು ಅಂಟಿಕೊಂಡು ಅವುಗಳ ಕೆಲಸ ನಿಲ್ಲುತ್ತದೆ. ಎಫ್‌ಎಎಂ19ಎ4 ಮತ್ತು ಎಂಐಆರ್124-2 ಎಂಬ ಜೋಡಿ ಹೆಚ್ಚು ಅಧ್ಯಯನಗೊಂಡಿದೆ. ಈ ಗುರುತು ಇಲ್ಲದ ಸಿಐಎನ್ 2 ಮತ್ತು 3 ಪ್ರಕರಣಗಳು ಹಿಮ್ಮರಳುವ ಸಂಭವ ಹೆಚ್ಚೆಂದು ನೆದರ್ಲೆಂಡ್ಸ್‌ನ ಸಂಶೋಧಕರು 2022ರಲ್ಲಿ ವರದಿ ಮಾಡಿದರು. ಮಹಿಳೆ ತಾನೇ ಸಂಗ್ರಹಿಸಿದ ಯೋನಿದ್ರವದ ಮಾದರಿಯಲ್ಲೂ ಮೆಥಿಲೀಕರಣವನ್ನು ಪರೀಕ್ಷಿಸಬಹುದು.

ವ್ಯಕ್ತಿಗೆ ತಕ್ಕ ಚಿಕಿತ್ಸೆ

ಅಮೆರಿಕದ 2019ರ ಮಾರ್ಗಸೂಚಿಗಳು ಒಂದೊಂದು ಫಲಿತಾಂಶಕ್ಕೆ ಒಂದೊಂದು ಕ್ರಮ ಎಂಬ ಪದ್ಧತಿಯನ್ನು ಬಿಟ್ಟು ಒಟ್ಟಾರೆ ಅಪಾಯವನ್ನು ಲೆಕ್ಕಹಾಕುತ್ತವೆ. ಸಿಐಎನ್ 3 ಅಥವಾ ಅದಕ್ಕಿಂತ ತೀವ್ರ ಸ್ಥಿತಿಯ ಸಂಭವ 4% ಮುಟ್ಟಿದರೆ ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ಹಿಗ್ಗಿಸಿ ನೋಡುವ ತಪಾಸಣೆ); 25% ದಾಟಿದರೆ ನೇರ ಚಿಕಿತ್ಸೆಯೂ ಆಗಬಹುದು; 60% ದಾಟಿದರೆ, ಗರ್ಭಿಣಿಯಲ್ಲದ 25 ವರ್ಷ ಮೇಲ್ಪಟ್ಟವರಿಗೆ, ನೇರ ಚಿಕಿತ್ಸೆಯೇ ಮೇಲು.

ಇಷ್ಟು ಎಚ್ಚರಕ್ಕೆ ಕಾರಣವಿದೆ. ವಿದ್ಯುತ್ ತಂತಿಯ ಕುಣಿಕೆಯಿಂದ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯುವ ಲೀಪ್ ಚಿಕಿತ್ಸೆ ಪರಿಣಾಮಕಾರಿಯಾದರೂ, ಹೆಚ್ಚು ಆಳಕ್ಕೆ ಕತ್ತರಿಸಿದಷ್ಟೂ ಮುಂದಿನ ಗರ್ಭಧಾರಣೆಯಲ್ಲಿ ಅವಧಿಪೂರ್ವ ಹೆರಿಗೆಯ ಸಂಭವ ಹೆಚ್ಚುತ್ತದೆ. ಮಕ್ಕಳನ್ನು ಬಯಸುವ ಯುವತಿಗೆ ಸಿಐಎನ್ 2 ಇದ್ದು ಸೂಚಕಗಳು ಅಪಾಯ ಕಡಿಮೆ ಎನ್ನುತ್ತಿದ್ದರೆ, ನಿಯಮಿತ ತಪಾಸಣೆಯೊಡನೆ ಕಾಯುವುದು ನ್ಯಾಯವಾದ ಆಯ್ಕೆ. ಎಚ್‌ಐವಿ ಜೊತೆ ಬದುಕುತ್ತಿರುವ ಮಹಿಳೆಗೆ ಗರ್ಭಕಂಠದ ಕ್ಯಾನ್ಸರಿನ ಅಪಾಯ ಸುಮಾರು ಆರು ಪಟ್ಟು. ಅವಳ ವಿಷಯದಲ್ಲಿ ಕಾಯುವ ಅವಕಾಶ ಕಿರಿದು. ಚಿಕಿತ್ಸೆಯ ನಂತರವೂ ಎಚ್‌ಪಿವಿ ಪರೀಕ್ಷೆಯೇ ಗುಣವಾದುದರ ಮುಖ್ಯ ಅಳತೆ.

ಭಾರತದಲ್ಲಿ

ಭಾರತೀಯ ಮಹಿಳೆಯರಲ್ಲಿ ಸ್ತನ ಕ್ಯಾನ್ಸರನ್ನು ಬಿಟ್ಟರೆ ಹೆಚ್ಚು ಕಾಣಿಸುವುದು ಗರ್ಭಕಂಠದ ಕ್ಯಾನ್ಸರ್. 2022ರ ಅಂದಾಜಿನಂತೆ ದೇಶದಲ್ಲಿ ಸುಮಾರು 1.27 ಲಕ್ಷ ಹೊಸ ಪ್ರಕರಣಗಳೂ ಸುಮಾರು 80 ಸಾವಿರ ಸಾವುಗಳೂ ಸಂಭವಿಸಿದವು. ಸೂಚಕ ಆಧಾರಿತ ತಪಾಸಣೆಯ ಮಹತ್ವವನ್ನು ಜಗತ್ತಿಗೆ ತೋರಿಸಿದ ಅಧ್ಯಯನಗಳಲ್ಲಿ ಒಂದು ನಡೆದದ್ದು ಕರ್ನಾಟಕದ ಗಡಿಗೆ ಹೊಂದಿಕೊಂಡ ಮಹಾರಾಷ್ಟ್ರದ, ಆಗ ಉಸ್ಮಾನಾಬಾದ್ ಎಂಬ ಹೆಸರಿದ್ದ ಜಿಲ್ಲೆಯ ಹಳ್ಳಿಗಳಲ್ಲಿ. 30ರಿಂದ 59 ವಯಸ್ಸಿನ 1.3 ಲಕ್ಷಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿದ್ದರು. ಒಂದೇ ಸುತ್ತಿನ ಎಚ್‌ಪಿವಿ ಪರೀಕ್ಷೆ ಈ ಕ್ಯಾನ್ಸರಿನ ಸಾವುಗಳನ್ನು ಸುಮಾರು ಅರ್ಧಕ್ಕೆ ಇಳಿಸಿತೆಂದು 2009ರಲ್ಲಿ ಪ್ರಕಟವಾದ ಅದರ ವರದಿ ಹೇಳಿತು. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅಸಿಟಿಕ್ ಆಮ್ಲ ಲೇಪಿಸಿ ಬರಿಗಣ್ಣಿನಿಂದ ನೋಡುವ ವಿಐಎ ವಿಧಾನಕ್ಕೆ ಆದ್ಯತೆ ದೊರೆತಿದೆ. ಅದು ಅಗ್ಗ, ಫಲಿತಾಂಶ ಅಲ್ಲೇ ಸಿಗುತ್ತದೆ. ಆದರೆ ನೋಡುವವರ ಅನುಭವವನ್ನು ಅದು ಬಹಳ ಅವಲಂಬಿಸಿದೆ.

ಮಿತಿಗಳು

ಯಾವ ಸೂಚಕವೂ ಒಂಟಿಯಾಗಿ ಭವಿಷ್ಯ ಹೇಳಲಾರದು. ಜೋಡಿ ಬಣ್ಣಕ್ಕೆ ಸಜ್ಜಾದ ಪ್ರಯೋಗಾಲಯ ಬೇಕು, ಮೆಥಿಲೀಕರಣ ಪರೀಕ್ಷೆ ದುಬಾರಿ. ಕಾಯುವ ನಿರ್ಧಾರ ಸುರಕ್ಷಿತವಾಗುವುದು ಮಹಿಳೆ ಮತ್ತೆ ತಪಾಸಣೆಗೆ ಬಂದಾಗ ಮಾತ್ರ. ಮರಳಿ ಬರುವುದು ಕಷ್ಟವಾದ ಊರುಗಳಲ್ಲಿ ಅದೇ ಭೇಟಿಯಲ್ಲಿ ತಪಾಸಣೆ, ಚಿಕಿತ್ಸೆ ಎರಡನ್ನೂ ಮುಗಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುತ್ತದೆ. ಹೀಗಾಗಿ ವ್ಯಕ್ತಿಗೆ ತಕ್ಕ ಚಿಕಿತ್ಸೆಯನ್ನು ನಿರ್ಧರಿಸುವಾಗ ಕೋಶದ ಗುರುತುಗಳ ಜೊತೆಗೆ ಮಹಿಳೆಯ ವಯಸ್ಸು, ಮಕ್ಕಳ ಬಯಕೆ, ಆಸ್ಪತ್ರೆಗಿರುವ ದೂರ ಇವೆಲ್ಲವೂ ಲೆಕ್ಕಕ್ಕೆ ಬರಬೇಕು.