ತಿಲಾಪಿಯ ಚರ್ಮದ ಹೊದಿಕೆ

ಸುಟ್ಟಗಾಯ ಮಾಯುವವರೆಗೆ ಅದರ ಮೇಲೆ ತಾತ್ಕಾಲಿಕವಾಗಿ ಹೊದಿಸುವ, ಸಂಸ್ಕರಿಸಿದ ಮೀನಿನ ಚರ್ಮ. ಈ ಚಿಕಿತ್ಸೆ ರೂಪುಗೊಂಡದ್ದು ಈಶಾನ್ಯ ಬ್ರೆಜಿಲಿನ ಫೋರ್ಟಲೇಜಾ ನಗರದಲ್ಲಿ. ಇದಕ್ಕೆ ಬಳಸುವ ನೈಲ್ ತಿಲಾಪಿಯ, ಕರ್ನಾಟಕದಲ್ಲಿ ಜಿಲೇಬಿ ಮೀನು ಎನ್ನುವ ಗುಂಪಿಗೆ ಸೇರಿದ್ದು.

ಹಿನ್ನೆಲೆ: ಹಂದಿಯ ಚರ್ಮವನ್ನೂ ಮೃತರು ದಾನ ಮಾಡಿದ ಚರ್ಮವನ್ನೂ ಸುಟ್ಟಗಾಯಕ್ಕೆ ಹೊದಿಸುವ ರೂಢಿ ಹಳೆಯದು. ಬ್ರೆಜಿಲಿನಲ್ಲಿ ಚರ್ಮ ಬ್ಯಾಂಕುಗಳು ಬೆರಳೆಣಿಕೆಯಷ್ಟೇ ಇದ್ದುದರಿಂದ ಸರ್ಕಾರಿ ಆಸ್ಪತ್ರೆಗಳು ಬಹುಮಟ್ಟಿಗೆ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನೇ ನೆಚ್ಚಿದ್ದವು. ಇನ್ನೊಂದೆಡೆ, ಮೀನು ಸಾಕಣೆಯಲ್ಲಿ ತಿಲಾಪಿಯದ ಚರ್ಮ ಹೆಚ್ಚಾಗಿ ತ್ಯಾಜ್ಯವಾಗುತ್ತಿತ್ತು. ಅದನ್ನು ಗಾಯಕ್ಕೆ ಬಳಸುವ ಆಲೋಚನೆ ಪ್ಲಾಸ್ಟಿಕ್ ಸರ್ಜನ್ ಮಾರ್ಸೆಲೊ ಬೊರ್ಜೆಸ್ ಅವರದು. ಎಡ್ಮಾರ್ ಮಾಸಿಯೆಲ್ ಮತ್ತು ಔಷಧವಿಜ್ಞಾನಿ ಒಡೊರಿಕೊ ದ ಮೊರಾಯಿಸ್ ಸಿಯಾರಾ ಫೆಡರಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯನ್ನು ಮುನ್ನಡೆಸಿದರು.

ಸಂಸ್ಕರಣೆ: ಹಸಿ ಚರ್ಮವನ್ನು ಗಾಯಕ್ಕೆ ಹಚ್ಚಿದರೆ ಸೋಂಕು ತಗಲುವ ಅಪಾಯವಿದೆ, ಅದನ್ನು ಚಿಕಿತ್ಸೆಗೆ ಯೋಗ್ಯವಾಗಿಸುವುದೇ ಸಂಸ್ಕರಣೆ. ಹುರುಪೆ ತೆಗೆದು, ಒಳಮೈಗೆ ಅಂಟಿದ ಮಾಂಸವನ್ನು ಕೆರೆದು, ತೊಳೆದ ಚರ್ಮವನ್ನು ಸುಮಾರು 10 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ತುಂಡುಗಳಾಗಿ ಕತ್ತರಿಸುತ್ತಾರೆ. ಅವನ್ನು ಶೇ. 2ರ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ನೆನೆಸಿ, ಬಳಿಕ ಶೇ. 50, 75 ಮತ್ತು 100ರ ಗ್ಲಿಸರಾಲಿನಲ್ಲಿ ಹಂತಹಂತವಾಗಿ ಇಡುತ್ತಾರೆ. ಗ್ಲಿಸರಾಲ್ ನೀರಿನಂಶವನ್ನು ಹೀರಿ ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯುತ್ತದೆ. ಕೊನೆಗೆ ಪೊಟ್ಟಣ ಕಟ್ಟಿ ಗಾಮಾ ವಿಕಿರಣಕ್ಕೆ ಒಡ್ಡುತ್ತಾರೆ. ಹೀಗೆ ಸಿದ್ಧವಾದ ಚರ್ಮವನ್ನು ಶೈತ್ಯಾಗಾರದಲ್ಲಿ ಸುಮಾರು ಎರಡು ವರ್ಷ ಕಾಪಿಡಬಹುದು. ಒಂದನೆಯ ಬಗೆಯ ಕೊಲಾಜೆನ್ ದಟ್ಟವಾಗಿರುವುದರಿಂದ ಅದು ಎಳೆತಕ್ಕೆ ಸುಲಭವಾಗಿ ಹರಿಯುವುದಿಲ್ಲ.

ಬಳಕೆ ಮತ್ತು ಫಲಿತಾಂಶ: ಶುಚಿಗೊಳಿಸಿದ ಗಾಯದ ಮೇಲೆ ಹಾಸಿ, ಗಾಜ್ ಬಟ್ಟೆಯಿಂದ ಕಟ್ಟುತ್ತಾರೆ. ಚರ್ಮ ಗಾಯಕ್ಕೆ ಅಂಟಿಕೊಂಡು ತೇವ ಆರದಂತೆ ಕಾಯುತ್ತದೆ. ಹೊಸ ಚರ್ಮ ಮೂಡಿದ ಮೇಲೆ ಒಣಗಿ ಬಿಡಿಸಿಕೊಳ್ಳುತ್ತದೆ. 2021ರಲ್ಲಿ ಪ್ರಕಟವಾದ, 115 ಹೊರರೋಗಿಗಳ ಮೇಲಿನ ಮೂರನೆಯ ಹಂತದ ಪರೀಕ್ಷೆಯಲ್ಲಿ ಗಾಯ ಮಾಯಲು ಹಿಡಿದ ಕಾಲ ಮುಲಾಮಿಗಿಂತ ಅರ್ಧ ದಿನದಷ್ಟು ಮಾತ್ರ ಕಡಿಮೆಯಿತ್ತು. ಮುಖ್ಯವಾದ ಲಾಭ ಬೇರೆಯದು: ಪಟ್ಟಿ ಬದಲಿಸುವ ಸಂದರ್ಭಗಳು, ನೋವು ಮತ್ತು ಖರ್ಚು ಕಡಿಮೆಯಾದವು. ಸುಟ್ಟವರಿಗೆ ಪಟ್ಟಿ ಬಿಚ್ಚುವ ಹೊತ್ತೇ ಯಾತನೆಯ ಹೊತ್ತಾದ್ದರಿಂದ ಈ ಲಾಭ ಚಿಕ್ಕದಲ್ಲ.

ಇತರೆಡೆ: ಐಸ್‌ಲ್ಯಾಂಡಿನ ಕೆರೆಸಿಸ್ ಸಂಸ್ಥೆ ಕಾಡ್ ಮೀನಿನ ಚರ್ಮದಿಂದ ಜೀವಕೋಶಗಳನ್ನು ತೆಗೆದು ಹೊದಿಕೆ ತಯಾರಿಸುತ್ತದೆ. 2017ರ ಕ್ಯಾಲಿಫೋರ್ನಿಯಾ ಕಾಳ್ಗಿಚ್ಚಿನಲ್ಲಿ ಪಾದ ಸುಟ್ಟ ಕರಡಿಗಳಿಗೆ ಪಶುವೈದ್ಯರು ತಿಲಾಪಿಯ ಚರ್ಮ ಕಟ್ಟಿದ್ದರು.

ಮಿತಿ: ಮೇಲಿನ ಪರೀಕ್ಷೆ ನಡೆದದ್ದು ಮೇಲ್ಪದರದ ಎರಡನೆಯ ದರ್ಜೆಯ ಗಾಯಗಳ ಮೇಲೆ. ಚರ್ಮದ ಪೂರ್ಣ ದಪ್ಪ ಸುಟ್ಟಾಗ ರೋಗಿಯದೇ ಚರ್ಮದ ಕಸಿ ಸಾಮಾನ್ಯವಾಗಿ ಅನಿವಾರ್ಯ. ಅಲ್ಲಿ ಮೀನಿನ ಚರ್ಮ ಅದಕ್ಕೆ ಬದಲಿಯಾಗದು.