ಹಿಂಚಕ್ರದ ಅಗಲದ ಚರಿತ್ರೆ

ಗಾಡಿಯ ಚಕ್ರಕ್ಕೆ ಗುಂಬವಿದ್ದಂತೆ ಸೈಕಲ್ಲಿನ ಚಕ್ರಕ್ಕೆ ಹಬ್. ಕಡ್ಡಿಗಳೆಲ್ಲ ಬಂದು ಸೇರುವುದು ಅದರ ಎರಡು ಅಂಚುಗಳಿಗೆ. ಹಿಂದಿನ ಚಕ್ರದ ಹಬ್, ಫ್ರೇಮಿನ ಎರಡು ಹಿಂಗವಲುಗಳ ತುದಿಯಲ್ಲಿರುವ ಸೀಳುಬಾಯಿಗಳ ನಡುವೆ ಕೂರುತ್ತದೆ. ಅದರ ಎರಡು ಕಡೆಯ ಲಾಕ್‌ನಟ್ಟುಗಳ ಹೊರಮೈಗಳ ನಡುವಣ ಅಳತೆ ಆ ಸೀಳುಬಾಯಿಗಳ ಅಂತರಕ್ಕೆ ಸರಿಹೊಂದಬೇಕು. ಇದು ರಿಪೇರಿ ಅಂಗಡಿಯ ಮಾತೆಂದು ಯಾರಿಗಾದರೂ ತೋರಬಹುದು. ಆದರೆ ಈ ಅಂತರ ಕಾಲಕಾಲಕ್ಕೆ ಹಿಗ್ಗುತ್ತ ಬಂದಿದೆ. ಹಿಗ್ಗಿದಾಗಲೆಲ್ಲ ಹಿಂದಿನ ತಲೆಮಾರಿನ ಫ್ರೇಮುಗಳು ಗುಜರಿಯ ಬಾಗಿಲಿಗೆ ಬಂದು ನಿಂತಿವೆ. ಅವು ಅಲ್ಲಿಗೆ ಹೋಗಲೇಬೇಕಾಗಿತ್ತೆ ಎಂಬುದೇ ನನ್ನ ಪ್ರಶ್ನೆ.

1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ‘ರೋವರ್’ ಸೈಕಲ್ಲಿನಲ್ಲಿ ಚೈನು ಹಿಂದಿನ ಚಕ್ರವನ್ನು ತಿರುಗಿಸುತ್ತಿತ್ತು. ಹಲ್ಲುಚಕ್ರ ಒಂದೇ ಆದ್ದರಿಂದ ಅಗಲದ ಚಿಂತೆಯೇ ಇರಲಿಲ್ಲ. 1903ರಲ್ಲಿ ಆರಂಭವಾದ ‘ಟೂರ್ ದ ಫ್ರಾನ್ಸ್’ ಪಂದ್ಯದಲ್ಲಿಯೂ ಬಹುಕಾಲ ಇದೇ ಸ್ಥಿತಿ. ಸವಾರರು ಹಬ್‌ನ ಎಡಕ್ಕೊಂದು, ಬಲಕ್ಕೊಂದು ಹಲ್ಲುಚಕ್ರ ಹಾಕಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ಚಕ್ರವನ್ನು ಬಿಚ್ಚಿ, ತಿರುವಿ ಹಾಕಿ ಮುಂದೆ ಹೋಗುತ್ತಿದ್ದರು. ಕಷ್ಟದ ಕೆಲಸವೇ ಸರಿ. ಆದರೆ ಆ ಚಕ್ರಕ್ಕೆ ಒಂದು ಸಮತೆಯಿತ್ತು; ಎರಡು ಪಕ್ಕದ ಕಡ್ಡಿಗಳೂ ಒಂದೇ ಬಿಗಿಯಲ್ಲಿರುತ್ತಿದ್ದವು.

ಈ ಸಮತೆಯನ್ನು ಕದಲಿಸಿದ್ದು ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಯಂತ್ರ. ಸೇಂತ್-ಎತಿಯೆನ್ ಪಟ್ಟಣದ ಪೌಲ್ ದ ವಿವಿ, ‘ವೆಲೊಸಿಯೊ’ ಎಂಬ ಹೆಸರಿನಿಂದ ತನ್ನ ಪತ್ರಿಕೆಯಲ್ಲಿ ಹಲವು ಗೇರುಗಳ ಪರವಾಗಿ ಹೋರಾಡಿದ. ಟೂರ್‌ನ ಸ್ಥಾಪಕ ಆನ್ರಿ ದೆಗ್ರಾಂಜ್ ಇದನ್ನು ಒಪ್ಪಲಿಲ್ಲ. ಆತ ನಿರ್ವಹಣೆಯಿಂದ ಸರಿದ ಮೇಲೆ, 1937ರಲ್ಲಿ, ಪಂದ್ಯದ ಸವಾರರಿಗೆಲ್ಲ ಡಿರೇಲರ್‌ಗೆ ಅನುಮತಿ ಸಿಕ್ಕಿತು. ಅಲ್ಲಿಂದ ಮುಂದೆ ಹಲ್ಲುಚಕ್ರಗಳೆಲ್ಲ ಬಲಗಡೆಗೇ ಸಾಲುಗಟ್ಟತೊಡಗಿದವು.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಐದು ಹಲ್ಲುಚಕ್ರಗಳ ಕಾಲದಲ್ಲಿ ರಸ್ತೆ ಸೈಕಲ್ಲಿನ ಹಿಂಬದಿಯ ಅಂತರ 120 ಮಿಲಿಮೀಟರ್. ಆರು, ಏಳರ ಕಾಲಕ್ಕೆ 126. ಎಂಟು ಬಂದಾಗ, ಅಂದರೆ 1990ರ ಸುಮಾರಿಗೆ, 130. ಆದರೆ ರಿಮ್ಮು ಫ್ರೇಮಿನ ನಟ್ಟನಡುವೆಯೇ ಓಡಬೇಕಷ್ಟೆ. ಆದ್ದರಿಂದ 6 ಮಿಲಿಮೀಟರ್ ಹಿಗ್ಗಿಸಿದರೆ ಬಲಗಡೆಗೆ ದಕ್ಕುವುದು ಮೂರೇ. ಮಿಕ್ಕ ಜಾಗಕ್ಕಾಗಿ ಹಲ್ಲುಚಕ್ರಗಳನ್ನು ಒತ್ತೊತ್ತಾಗಿ ಕೂರಿಸಬೇಕು, ಇಲ್ಲವೆ ಹಬ್‌ನ ಬಲ ಅಂಚನ್ನು ಒಳಕ್ಕೆ ಸರಿಸಬೇಕು. ಸರಿಸಿದರೆ ಬಲಗಡೆಯ ಕಡ್ಡಿಗಳು ನೆಟ್ಟಗೆ ನಿಂತು ಬಿಗಿದುಕೊಳ್ಳುತ್ತವೆ, ಎಡಗಡೆಯವು ಸಡಿಲಗೊಳ್ಳುತ್ತವೆ. ಜಪಾನಿನ ಸನ್‌ಟೂರ್ ಕಂಪನಿ ಆರು ಹಲ್ಲುಚಕ್ರಗಳನ್ನು ಒತ್ತಾಗಿ ಜೋಡಿಸಿ 120ರೊಳಗೇ ಹಿಡಿಸಿತು. ಹಳೆಯ ಫ್ರೇಮಿನ ಮೇಲೆ ಇಷ್ಟು ಕರುಣೆ ತೋರಿದ ಜಾಣ್ಮೆ ಅಪರೂಪವೆಂದೇ ನನ್ನ ಎಣಿಕೆ.

ಆಕ್ಸಲ್‌ನ ಪಾಡೂ ಹೇಳಬೇಕಾದದ್ದೇ. ಹಳೆಯ ಪದ್ಧತಿಯಲ್ಲಿ ಬಲಗಡೆಯ ಬೇರಿಂಗು ಫ್ರೀವೀಲ್‌ಗಿಂತ ಒಳಗಿತ್ತು. ಹಲ್ಲುಚಕ್ರಗಳು ಹೆಚ್ಚಿದಂತೆ ಆಸರೆಯಿಲ್ಲದ ಆಕ್ಸಲ್‌ನ ಉದ್ದವೂ ಹೆಚ್ಚಿ, ಅದು ಬಾಗುತ್ತಿತ್ತು, ಮುರಿಯುತ್ತಿತ್ತು. 1978ರಲ್ಲಿ ಶಿಮಾನೊ ಕಂಪನಿ ಫ್ರೀವೀಲನ್ನು ಹಬ್‌ನದೇ ಅಂಗವಾಗಿಸಿ, ಬೇರಿಂಗನ್ನು ಹೊರತುದಿಗೆ ಒಯ್ದಿತು. ಅಗಲದ ಹಬ್‌ಗಳು ನೆಚ್ಚಿಕೆಗೆ ಯೋಗ್ಯವಾದದ್ದು ಬಹುಮಟ್ಟಿಗೆ ಇದರಿಂದ.

ಹಾಗಾದರೆ 126ರ ಫ್ರೇಮಿನ ಗತಿಯೇನು? ಅದು ಉಕ್ಕಿನದಾಗಿದ್ದರೆ ಗತಿಯಿದೆ. ಅಮೆರಿಕದ ಮೆಸಾಚೂಸೆಟ್ಸಿನಲ್ಲಿ ಸೈಕಲ್ಲಿನ ಕಸುಬುದಾರನಾಗಿದ್ದು 2008ರಲ್ಲಿ ತೀರಿಕೊಂಡ ಷೆಲ್ಡನ್ ಬ್ರೌನ್, ಉದ್ದನೆಯ ಮರದ ತುಂಡನ್ನು ಸನ್ನೆಗೋಲಾಗಿಸಿ ಹಿಂಗವಲುಗಳನ್ನು ಒಂದೊಂದಾಗಿ ಬಾಗಿಸುವ ಕ್ರಮವನ್ನು ಲೋಕಕ್ಕೆಲ್ಲ ಬಿಡಿಸಿ ಹೇಳಿದ. ಬಿಸಿ ಮಾಡುವ ಗೊಡವೆಯಿಲ್ಲ. ಉಕ್ಕು ಸ್ವಲ್ಪ ಹಿಂದಕ್ಕೆ ಮರಳುವುದರಿಂದ ಬೇಕಾದುದಕ್ಕಿಂತ ಹೆಚ್ಚೇ ಬಾಗಿಸಬೇಕು. ನನ್ನಲ್ಲಿರುವ ಒಂದು ಫ್ರೇಮನ್ನು 126ರಿಂದ 130ಕ್ಕೆ ತಂದದ್ದು ಹೀಗೆಯೇ: ಪಕ್ಕಕ್ಕೆ ಎರಡೆರಡು ಮಿಲಿಮೀಟರ್. ಅನಂತರ ಹ್ಯಾಂಡಲ್ಲಿನ ಕೆಳಗಿನ ಕೊಳವೆಯನ್ನು ಬಳಸಿ ಎರಡು ಸೀಳುಬಾಯಿಗಳಿಗೂ ದಾರ ಬಿಗಿದು, ಸೀಟಿನ ಕೊಳವೆಗೂ ದಾರಕ್ಕೂ ನಡುವಣ ದೂರವನ್ನು ಎರಡು ಕಡೆಯೂ ಅಳೆದು ನೋಡಬೇಕು. ಸಮನಿಲ್ಲದಿದ್ದರೆ ಚಕ್ರ ಓರೆಯಾಗಿ ಓಡುತ್ತದೆ. ಸೀಳುಬಾಯಿಯ ತಗಡುಗಳನ್ನು ಮತ್ತೆ ಒಂದಕ್ಕೊಂದು ಸಮಾಂತರಕ್ಕೆ ತರುವುದನ್ನೂ ಮರೆಯುವಂತಿಲ್ಲ, ಇಲ್ಲವಾದರೆ ಆಕ್ಸಲ್ ಮುರಿಯುತ್ತದೆ.

ಅಲ್ಯೂಮಿನಿಯಂಗೂ ಕಾರ್ಬನ್‌ಗೂ ಈ ಚಿಕಿತ್ಸೆ ಸಲ್ಲದು; ಅವು ಬಿರುಕು ಬಿಡುತ್ತವೆ. ಬೆಟ್ಟದ ಸೈಕಲ್ಲುಗಳು 135ರಲ್ಲಿ ನೆಲೆನಿಂತು, ಆಮೇಲೆ 142ಕ್ಕೆ ಏರಿದವು. ಆ 142 ಹೆಸರಿಗಷ್ಟೇ ದೊಡ್ಡದು, ಹೆಚ್ಚಿನ ಏಳೂ ಆಕ್ಸಲ್‌ನ ತುದಿಗಳು ಫ್ರೇಮಿನ ಕುಳಿಯಲ್ಲಿ ಕೂರುವುದಕ್ಕೆ. 148 ಬಂದಾಗ ಮಾತ್ರ ಹಬ್‌ನ ಅಂಚುಗಳೇ ದೂರ ಸರಿದವು. ಅಷ್ಟರಲ್ಲಿ ಆ ಸೈಕಲ್ಲುಗಳ ಫ್ರೇಮುಗಳಲ್ಲಿ ಹೆಚ್ಚಿನವು ಉಕ್ಕಿನವಾಗಿರಲಿಲ್ಲ. ಅವುಗಳ ಒಡೆಯರಿಗೆ ಮರದ ತುಂಡಿನಿಂದ ಉಪಯೋಗವೂ ಇರಲಿಲ್ಲ.