ಒರೆಸಬಾರದಿದ್ದ ಧೂಳು

ಕಳೆದ ವರ್ಷದ ಶಿವರಾತ್ರಿ. ಊರೆಲ್ಲ ದೇವಸ್ಥಾನದಲ್ಲಿ ಜಾಗರಣೆ ಮಾಡುತ್ತಿದ್ದರೆ ನಮ್ಮಕ್ಕನ ಮಗ ನಮ್ಮ ತಾರಸಿಯ ಮೇಲೆ ದೂರದರ್ಶಕದ ಮುಂದೆ ಕೂತಿದ್ದ. ಅಮಾವಾಸ್ಯೆಯ ಹಿಂದುಮುಂದಿನ ಕತ್ತಲೆಯೇ ಅವನಿಗೆ ಬೇಕಂತೆ. ಮಹಾವ್ಯಾಧನ ನೀಹಾರಿಕೆ ಪಡುವಣಕ್ಕಿಳಿಯುವವರೆಗೂ ಚಿತ್ರ ತೆಗೆದು, "ಬೆಳಿಗ್ಗೆ ಇನ್ನೊಂದು ಚೂರು ಕೆಲಸ ಇದೆ ಚಿಕ್ಕಮ್ಮ, ಎಲ್ಲ ಹಾಗೇ ಇರಲಿ" ಎಂದು ಹೋಗಿ ಮಲಗಿದ.

ನಾನು ಹಾಗೇ ಬಿಡುವವಳೇ? ಇಪ್ಪತ್ತೆಂಟು ವರ್ಷ ಶಾಲೆಯ ಬೀರು, ನಕ್ಷೆ, ಗೋಳಗಳನ್ನು ಒರೆಸಿದ ಕೈ. ಮಂಜಿಗೆ ನೆನೆಯುತ್ತದೆಂದು ಕ್ಯಾಮೆರಾದ ತಿರುಪು ಬಿಚ್ಚಿ ಒಳಗೆ ತಂದೆ. ಒಳಗಿನ ಗಾಜಿನ ಮೇಲೆ ಧೂಳು ಕಂಡಿತು. ಮೆತ್ತನೆಯ ಬಟ್ಟೆಯಿಂದ ಒರೆಸಿ, ಮತ್ತೆ ಜೋಡಿಸಿಟ್ಟು, ಹೆಮ್ಮೆಯಿಂದ ಕಾಫಿಗೆ ನೀರಿಟ್ಟೆ.

ಎದ್ದು ಬಂದವನು ಸುಮ್ಮನೆ ನಿಂತುಬಿಟ್ಟ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ತಿಳಿಯಿತು. ಕ್ಯಾಮೆರಾ ಬೆಳಕನ್ನು ಎಲ್ಲ ಕಡೆ ಒಂದೇ ಸಮ ಹಿಡಿಯುವುದಿಲ್ಲ. ಅಂಚು ಮಬ್ಬು. ಒಂದು ಕಣ ಧೂಳು ಚಿತ್ರದಲ್ಲಿ ಕೋಡುಬಳೆಯಂತೆ ಕಪ್ಪು ಉಂಗುರವಾಗಿ ಕೂರುತ್ತದೆ. ಅದಕ್ಕೇ ಏನನ್ನೂ ಕದಲಿಸದೆ, ದೂರದರ್ಶಕದ ಬಾಯಿಗೆ ಸಮನಾಗಿ ಬೆಳಗುವ ಬಿಳಿ ಫಲಕವನ್ನಿಟ್ಟು ಆ ಬರೀ ಬೆಳಕಿನ ಚಿತ್ರ ತೆಗೆಯಬೇಕು. ಫಲಕದ ಬೆಳಕು ನೂರಕ್ಕೆ ಎಂಬತ್ತು ಮಾತ್ರ ಸಿಕ್ಕ ಜಾಗದಲ್ಲಿ ನಕ್ಷತ್ರದ ಬೆಳಕೂ ಎಂಬತ್ತೇ ಸಿಕ್ಕಿರುತ್ತದೆ, 0.8ರಿಂದ ಭಾಗಿಸಿದರೆ ಸರಿಹೋಯಿತು. ನಮ್ಮ ಮಕ್ಕಳು ಮಾಡುವ ಭಾಗಾಕಾರವೇ. ಆದರೆ ರಾತ್ರಿಯ ಧೂಳನ್ನೇ ನಾನು ಒರೆಸಿಬಿಟ್ಟಿದ್ದೆ. ಇನ್ನು ಯಾವುದರಿಂದ ಭಾಗಿಸುವುದು? ಅಂದು ಸಂಜೆಯ ಬಸ್ಸಿಗೆ ಅವನು ಕೆಲಸಕ್ಕೆ ಹೊರಟ.

ನಾನು ಬಿ.ಎ.ಯಲ್ಲಿ ಓದಿದ್ದು ಇತಿಹಾಸ. ತಪ್ಪಾದಾಗ ಅದರ ಹಿಂದಿನ ಕಥೆ ಹುಡುಕುವುದು ನನ್ನ ಚಾಳಿ. ಹುಡುಕಿದರೆ, ಧೂಳು ಖಗೋಳದವರನ್ನು ಕಾಡಿದ್ದು ಇಂದು ನಿನ್ನೆಯಲ್ಲ. 1887ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ವಾಂಸರು ಇಡೀ ಆಕಾಶವನ್ನು ಗಾಜಿನ ಫಲಕಗಳ ಮೇಲೆ ಚಿತ್ರಿಸಲು ಹೊರಟರು. ಹಲವು ದೇಶಗಳ ವೀಕ್ಷಣಾಲಯಗಳು ಆಕಾಶವನ್ನು ಹಂಚಿಕೊಂಡವು. ಮುಂದೆ ನಮ್ಮ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವೂ ಒಂದು ಪಾಲು ವಹಿಸಿಕೊಂಡಿತು. ಗಾಜಿನ ಮೇಲಿನ ಚುಕ್ಕಿ ನಕ್ಷತ್ರವೋ ಧೂಳೋ? ನಕ್ಷೆಯ ಫಲಕಗಳಿಗೆ ಒಂದು ಉಪಾಯ ಹೂಡಿದರು. ಪ್ರತಿ ಸಲ ಕೂದಲೆಳೆಯಷ್ಟು ಸರಿಸಿ ಮೂರು ಬಾರಿ ಬೆಳಕು ಬೀಳಿಸುವುದು. ನಿಜವಾದ ನಕ್ಷತ್ರ ಮೂರು ಚುಕ್ಕಿಯ ಪುಟ್ಟ ರಂಗೋಲಿಯಾಗುತ್ತದೆ, ಧೂಳು ಒಂಟಿಯಾಗಿ ಉಳಿಯುತ್ತದೆ.

ಇದೇ ಯೋಜನೆಯಲ್ಲಿ ವ್ಯಾಟಿಕನ್ನಿನ ಪಾಲಿನ ಫಲಕಗಳನ್ನು ಅಳೆದವರು ನಾಲ್ವರು ಸನ್ಯಾಸಿನಿಯರು: ಎಮಿಲಿಯಾ ಪೊನ್ಜೋನಿ, ರೆಜಿನಾ ಕೊಲಂಬೊ, ಕಾನ್ಚೆಟ್ಟಾ ಫಿನಾರ್ದಿ, ಲುಯಿಜಾ ಪನ್ಚೇರಿ. 1910ರಿಂದ 1921ರವರೆಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು 4,81,215 ನಕ್ಷತ್ರಗಳ ಸ್ಥಾನ ಗುರುತಿಸಿದರು. ಅವರ ಹೆಸರುಗಳು ಲೋಕಕ್ಕೆ ತಿಳಿದದ್ದು 2016ರಲ್ಲಿ! ಹೆಂಗಸರ ಲೆಕ್ಕ ಬರೆದಿಡುವುದಕ್ಕೆ ಯಾರಿಗೆ ತಾನೆ ಪುರುಸೊತ್ತು?

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾಯ್ಲ್ ಮತ್ತು ಸ್ಮಿತ್ ಕಂಡುಹಿಡಿದ ಸಿಸಿಡಿ ಚಿಪ್ ಕ್ರಮೇಣ ಗಾಜಿನ ಜಾಗಕ್ಕೆ ಬಂತು. ಅದರ ಮನೆಮನೆಗೂ ಬೆಳಕು ಹಿಡಿಯುವ ಶಕ್ತಿ ಬೇರೆಬೇರೆ. ಬಿಳಿ ಬೆಳಕಿನ ಚಿತ್ರವಿಲ್ಲದೆ ಗತಿಯಿಲ್ಲ. 1990ರಲ್ಲಿ ಅಂತರಿಕ್ಷಕ್ಕೇರಿದ ಹಬಲ್ ದೂರದರ್ಶಕದ ಬಾಯಿಗೆ ಫಲಕ ಹಿಡಿಯುವವರು ಯಾರು? ಕೆಳಗಿನ ಹಗಲಿನ ಭೂಮಿಯನ್ನೇ ಫಲಕ ಮಾಡಿಕೊಂಡರು. ಮೋಡ, ಸಮುದ್ರಗಳೆಲ್ಲ ಗೆರೆಗಳಾಗಿ ಹರಿದುಹೋಗುವಂತೆ ಅನೇಕ ಚಿತ್ರ ತೆಗೆದು ಸೇರಿಸಿದರು. ಅದೇ ಹಬಲ್ 1995ರ ಡಿಸೆಂಬರಿನಲ್ಲಿ ಸಪ್ತರ್ಷಿ ಮಂಡಲದ ಖಾಲಿ ಮೂಲೆಯೊಂದನ್ನು ಹತ್ತು ದಿನ ನೋಡಿತು. 342 ಚಿತ್ರಗಳನ್ನು ಹೀಗೆ ತಿದ್ದಿ ಕೂಡಿಸಿದಾಗ ಸುಮಾರು 3,000 ಗೆಲಕ್ಸಿಗಳು ಕಂಡವು.

ಕಾರ್ತಿಕದ ಅಮಾವಾಸ್ಯೆಗೆ ಅವನು ಮತ್ತೆ ಬಂದ. ಬೆಳಿಗ್ಗೆ ಅವನು ಏಳುವವರೆಗೂ ನಾನು ತಾರಸಿಯ ಮೇಲೆ ಕಾಗೆ ಓಡಿಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದೆ. ಫಲಕವನ್ನು ನನ್ನ ಕೈಯಲ್ಲೇ ಇಡಿಸಿದ. ಮೂವತ್ತು ಚಿತ್ರ ತೆಗೆದು ಒಂದನ್ನು ತೋರಿಸಿದ. ಬರೀ ಬಿಳಿ, ಅಂಚಿಗೆ ತುಸು ಮಬ್ಬು, ಎಡಗಡೆ ಒಂದು ಕೋಡುಬಳೆ.

"ಇದೇ ನೋಡಿ ಚಿಕ್ಕಮ್ಮ" ಎಂದ. ನಾನು ಕೈಕಟ್ಟಿಕೊಂಡೇ ನೋಡಿದೆ.